ಸಂಘದ ಟ್ಯಾಂಕರ್ ಲಾರಿ: ಸೆಲ್ಫ್ ಹೊಡಿಯೋಕಿಂತ ಮೊದಲ ಡೀಸೆಲ್ ಟಾಕಿ ನೋಡ್ರಿ

ಪ್ಲಾಟ್ 31: ಎಲ್ಲಾರಿಗೂ ನಮಸ್ಕಾರ. ರಾಕಸಕೊಪ್ಪ ಜಲಾಶಯದಾಗ ನೀರು ಇಳದ್ರ ನಮ್ಮ ಕಡೀ ಕ್ರಾಸಿನ ನಳ ಮೊದಲ ಬಂದ್ ಆಗ್ತಾವು. ಗಾರ್ಡನ್ ಬಾಜೂಕ ನಿಂತಿರೋ ನಮ್ಮ ನೀರಿನ ಟ್ಯಾಂಕರ್ ಎರಡು ಮಳಿಗಾಲ ಕಂಡೈತಿ. ಏಪ್ರಿಲ್ ಬರೋದ್ರಾಗ ಅದನ್ನ ಚಾಲೂ ಮಾಡಬೇಕು. ಹೊಸಾ ಬ್ಯಾಟರಿ ಕುಂದ್ರಿಸಿ ಈ ಐತವಾರ ಸೆಲ್ಫ್ ಹೊಡದು ನೋಡೋಣು ಅಂತ ನಾಕ ಮಂದಿ ಅಂದಾರ. ಯಾರ್ಯಾರು ಬರ್ತೀರಿ?

ಪ್ಲಾಟ್ 12: ಸೆಲ್ಫ್ ಹೊಡಿಬ್ಯಾಡ್ರಿ ಅಣ್ಣಾರ. ಅರ್ಧ ತುಂಬಿದ ಡೀಸೆಲ್ ಟಾಕಿ ಬೆಳಗಾವಿ ಮಳಿಯಾಗ ನಿಂತ್ರ, ಮ್ಯಾಲಿನ ಖಾಲಿ ಜಾಗದ ಹಸಿ ಗಾಳಿ ರಾತ್ರಿ ತಂಪಿಗೆ ತಗಡಿಗೆ ಹನಿಗಟ್ಟತದ. ಆ ನೀರು ಡೀಸೆಲ್‌ಗಿಂತ ಭಾರ, ತಳಕ್ಕ ಹೋಗಿ ಕುಂದ್ರತದ. ನೀರು-ಡೀಸೆಲ್ ಕೂಡೋ ಗೆರಿಯಾಗ ಬ್ಯಾಕ್ಟೀರಿಯಾ, ಬೂಷ್ಟು ಬೆಳದು ಕರೀ ಲೋಳಿ ಆಗತದ. ಮ್ಯಾಲಿನ ತಗಡು ತುಕ್ಕು ಹಿಡದು ಉದರತದ. ಎಂಜಿನ್ ತಿರಗಿಸಿದ ಕೂಡಲೇ ಟಾಕಿಯಿಂದ ಡೀಸೆಲ್ ಎಳಿಯೋ ಫೀಡ್ ಪಂಪ್ ಇದೆಲ್ಲಾ ಎಳ್ಕೋತದ. ತುಕ್ಕು, ಲೋಳಿ ಫಿಲ್ಟರಿನ್ಯಾಗ ಸಿಗಬಹುದು, ನೀರು ಪೂರ್ತಿ ಸಿಗಂಗಿಲ್ಲ. ಎಂಜಿನ್ನಿಗೆ ಜೋರಿಲೆ ಡೀಸೆಲ್ ಒತ್ತೋ ಇಂಜೆಕ್ಷನ್ ಪಂಪಿನ್ಯಾಗ ಪ್ಲಂಜರ್ ಅನ್ನೋ ಸಣ್ಣ ದಂಡ, ಅದು ಓಡಾಡೋ ಕೊಳವಿ ಬ್ಯಾರೆಲ್, ಇವೆರಡರ ನಡುವಿನ ಸಂದಿ ಕೆಲವೇ ಮೈಕ್ರಾನ್. ಅಲ್ಲಿ ಜಾರಲಿಕ್ಕೆ ಡೀಸೆಲ್ಲ ಎಣ್ಣಿ. ನೀರು ಹೊಕ್ರ ಪ್ಲಂಜರ್ ಕಚ್ಚಿ ಹಿಡಿತದ, ಪಂಪ್ ರಿಪೇರಿಗೆ ಸಂಘದ ವರ್ಷದ ವರ್ಗಣಿ ಸಾಲಂಗಿಲ್ಲ.

ಪ್ಲಾಟ್ 8: ಒಳಗ ನೀರು ಐತೋ ಇಲ್ಲೋ ಹೆಂಗ ತಿಳೀಬೇಕರಿ?

ಪ್ಲಾಟ್ 12: ಹಿಂದಿನ ದಿನದಿಂದ ಲಾರಿ ಅಲಗಾಡಿಸಬ್ಯಾಡ್ರಿ ಕಾಕಾ. ಬೆಳಿಗ್ಗೆ ತಂಪಿನ್ಯಾಗ ಟಾಕಿ ತಳದ ಡ್ರೇನ್ ಬೋಲ್ಟ್ ಸಾವಕಾಶ ಸಡಲ ಮಾಡಿ, ಮೊದಲ ಬರೋ ಒಂದು ಲೀಟರ್ ಗಾಜಿನ ಬಾಟಲಿಗೆ ಹಿಡೀಬೇಕು. ಹತ್ತು ನಿಮಿಷ ಬಿಟ್ರ ನೀರು ತಳದಾಗ ಬ್ಯಾರೆ ಗೆರಿಯಾಗಿ ನಿಲ್ಲತದ. ಛಲೋ ಡೀಸೆಲ್ ತಿಳಿ ಹಳದಿ, ಆರಪಾರ ಕಾಣತದ. ಮಬ್ಬು ಇದ್ರ ನೀರು ಇನ್ನೂ ಬೆರತದ ಅಂತ. ಚಹಾದ ಕಷಾಯದಂಗ ಕಪ್ಪಾಗಿ ಹುಳಿ ವಾಸನಿ ಹೊಡದ್ರ ಸೋಸಿ ಉಪಯೋಗ ಮಾಡೋ ಆಸೆ ಬಿಡ್ರಿ. ಬೋಲ್ಟ್ ತಗದ್ರೂ ಏನೂ ಬರಲಿಲ್ಲಾಂದ್ರ ಟಾಕಿ ಖಾಲಿ ಅನ್ಕೋಬ್ಯಾಡ್ರಿ, ರಾಡಿ ತೂತು ಮುಚ್ಚಿರತದ. ಕೆಳಗ ಮಾರಿ ಇಟ್ಕೊಂಡು ತಂತಿ ಚುಚ್ಚಬ್ಯಾಡ್ರಿ, ಒಮ್ಮೆಲೇ ಸುರಿತದ.

ಪ್ಲಾಟ್ 19: ಯಾರೂ ಬಾಯಿಲೆ ಪೈಪ್ ಎಳೀಬಾರದು, ಕೈಪಂಪು ತರ್ರಿ. ಡೀಸೆಲ್ ಶ್ವಾಸಕೋಶಕ್ಕ ಇಳದ್ರ ಜೀವಕ್ಕ ಅಪಾಯ. ಅಕಸ್ಮಾತ್ ನುಂಗಿದ್ರ ವಾಂತಿ ಮಾಡಿಸಬ್ಯಾಡ್ರಿ, ಸೀದಾ ದವಾಖಾನಿಗೆ ಕರ್ಕೊಂಡು ಹೋಗ್ರಿ. ಗಾರ್ಡನ್ ಗಟಾರದ ಬಾಯಿಗೆ ಮೊದಲ ಉಸುಕಿನ ಚೀಲ ಇಡಬೇಕು. ಚೆಲ್ಲಿದ್ರ ನೀರು ಹೊಡದು ತೊಳೀಬ್ಯಾಡ್ರಿ, ಉಸುಕು ಇಲ್ಲಾ ಕಟ್ಟಿಗಿ ಹೊಟ್ಟು ಹಾಕಿ ಬಳದು ತಗೀರಿ.

ಪ್ಲಾಟ್ 40: ಟಾಕಿ ಹಿಡಿದಿರೋ ಪಟ್ಟಿ ಹತ್ರ ಕೆಳಗ ಒದ್ದಿ ಕಾಣಸ್ತೈತಿ. ನನ್ನ ಕಡೆ ವೆಲ್ಡಿಂಗ್ ಮಷೀನ್ ಐತಿ, ಡೀಸೆಲ್ ಖಾಲಿ ಮಾಡಿ ಅಲ್ಲೇ ಎರಡು ಟಾಚ್ ಹಾಕೋಣೇನು?

ಪ್ಲಾಟ್ 12: ಬ್ಯಾಡ. ಇದೊಂದು ಮಾತ ಎಲ್ಲಾರೂ ಕೇಳ್ರಿ. ಡೀಸೆಲ್ ಪೆಟ್ರೋಲಿನಂಗ ಹತ್ತಂಗಿಲ್ಲ ಅನ್ನೋದು ತಣ್ಣಗಿರೋ ಡೀಸೆಲ್ ಮಾತು. ನಮ್ಮ ದೇಶದ ಮಾನಕದ ಪ್ರಕಾರ ಅದರ ಫ್ಲ್ಯಾಶ್ ಪಾಯಿಂಟ್, ಅಂದ್ರ ಆವಿಗೆ ಕಿಡಿ ತಾಗಿದ್ರ ಹತ್ತೋವಷ್ಟು ಬಿಸಿ, ಕನಿಷ್ಠ 35 ಡಿಗ್ರಿ ಇರಬೇಕು, ಅಷ್ಟ. ಬ್ಯಾಸಗಿ ಬಿಸಲಾಗ ತಗಡು ಅದಕ್ಕೂ ಮೀರಿ ಕಾಯತದ, ವೆಲ್ಡಿಂಗ್ ಬಿಸಿ ಅಂತೂ ಕೇಳೋದ ಬ್ಯಾಡ. ಟಾಕಿ ಖಾಲಿ ಮಾಡಿದ್ರೂ ಒಳಗಿನ ಅಡ್ಡ ತಗಡಿನ ಸಂದಿ, ತುಕ್ಕಿನ ಪದರದಾಗ ಡೀಸೆಲ್ ಉಳಿತದ. ಅದು ಕಾದು ಆವಿಯಾಗಿ ಗಾಳಿ ಜೋಡಿ ಬೆರತ್ರ ಟಾಕಿ ಸಿಡಿತದ. ತುಂಬಿದ ಟಾಕಿಗಿಂತ ಖಾಲಿ ಟಾಕಿ ಹೆಚ್ಚು ಅಪಾಯ. ಟಾಕಿ ಇಳಸಿ ಆಟೋ ನಗರದಾಗ ಉಗಿ ಹಾಯಿಸಿ ತೊಳದು ಬೆಸುಗಿ ಹಾಕೋರ ಕಡೆ ಕೊಡೋಣ. ಪಟ್ಟಿ ಕೆಳಗಿನ ರಬ್ಬರ್ ನೀರು ಹಿಡದು ಕೂತಿರತದ, ಹಂಗಾಗಿ ತೂತು ಬೀಳೋದು ಅಲ್ಲೇ. ಎಂ-ಸೀಲ್ ಹಚ್ಚಿ ಸಾಗಹಾಕಬ್ಯಾಡ್ರಿ, ಸುತ್ತಿನ ತಗಡೂ ಸವದಿರತದ. ಬೆಸುಗಿ ಆದ ಮ್ಯಾಲ ಅದಕ್ಕ ಸುಣ್ಣದ ನೀರು ಬಳದು ಒಣಗಿಸಿ, ಒಳಗ ಡೀಸೆಲ್ ಹಾಕಿ ಒಂದು ರಾತ್ರಿ ಬಿಡ್ರಿ. ಸೂಜಿಯಷ್ಟು ತೂತಿದ್ರೂ ಬಿಳೀ ಮ್ಯಾಲ ಕಲೆ ಮೂಡತದ.

ಪ್ಲಾಟ್ 40: ಆತ್ರಿ, ಮಷೀನ್ ತರಂಗಿಲ್ಲ. ಟಾಕಿ ಒಯ್ಯಾಕ ಟಾಟಾ ಏಸ್ ನಾ ನೋಡ್ತೀನಿ.

ಪ್ಲಾಟ್ 31: ಒಟ್ಟು ಏನೇನು ಬೇಕು, ಬರೀರಿ.

ಪ್ಲಾಟ್ 12: ಟಾಕಿ 160 ಲೀಟರಿಂದು. ಅರ್ಧ ಇದ್ರೂ 80 ಲೀಟರ್, ಅಂದ್ರ 65 ಕಿಲೋ ಮ್ಯಾಲ. ಅದಕ್ಕ ಪಟ್ಟಿ ಬಿಚ್ಚೋಕಿಂತ ಮೊದಲ ಖಾಲಿ ಮಾಡಬೇಕು. 20 ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಐದು, ಒಂದು ರಾಡಿಗೆ ಬ್ಯಾರೆ. ಜಿಐ (ಸತುವು ಬಳದ ತಗಡಿನ) ಬಕೆಟ್ ಬ್ಯಾಡ, ಅದರ ಸತುವು ಡೀಸೆಲ್ ಜೋಡಿ ಕೂಡಿ ಅಂಟಾಗಿ, ಎಂಜಿನ್ನಿನ್ಯಾಗ ಡೀಸೆಲ್ ಸಿಂಪಡಿಸೋ ನಾಝಲ್ ಕಟ್ಟತದ. ಫಿಲ್ಟರ್ ಎರಡೂ ಹೊಸಾವು, ಡೀಸೆಲ್ ಪೈಪಿನ ತಾಮ್ರದ ವಾಷರ್ ಹೊಸಾವು, ಬಿರುಕು ಬಿಟ್ಟ ರಬ್ಬರ್ ಪೈಪಿಗೆ ಬದಲಿ. ಇವು ಹಳೇವ ಉಳದ್ರ ಡೀಸೆಲ್ ಸೋರಲಿಲ್ಲಾಂದ್ರೂ ಗಾಳಿ ಎಳದು ಎಂಜಿನ್ ಬಂದ್ ಬೀಳತದ. ಟಾಕಿ ಒಳಗ ಡೀಸೆಲ್ ಹೀರೋ ಪೈಪಿನ ತುದಿಗೆ ಜಾಳಿಗಿ ಇರತದ, ಅದನ್ನ ಬಿಚ್ಚಿ ತೊಳೀಬೇಕು. ಮುಚ್ಚಳದ ಗಾಳಿ ತೂತಿನ್ಯಾಗ ಹುಳ ಮಣ್ಣು ಮೆತ್ತಿರತಾವು. ಅದು ಕಟ್ಟಿದ್ರ ಗಾಡಿ ಹದಿನೈದು ನಿಮಿಷ ಛಲೋ ಓಡಿ ನಿಲ್ಲತದ, ಮುಚ್ಚಳ ತಗದ್ರ ಮತ್ತ ಚಾಲೂ ಆಗತದ. ಬ್ಯಾಟರಿಯ ನೆಗೆಟಿವ್ ವಾಯರ್ ಕಡೀತನಕಾ ಬಿಚ್ಚೇ ಇರಲಿ.

ಪ್ಲಾಟ್ 8: ಟಾಕಿ ಆಟೋ ನಗರದಾಗ ಇದ್ದಾಗ ಎಂಜಿನ್ ನೋಡಾಕ ಬರಂಗಿಲ್ಲೇನು?

ಪ್ಲಾಟ್ 12: ಬರತದ ಕಾಕಾ. ಫಿಲ್ಟರ್ ಬದಲಿ ಮಾಡಿ, ಹತ್ತು ಲೀಟರ್ ಹೊಸಾ ಡೀಸೆಲ್ ಕ್ಯಾನಿನ್ಯಾಗ ಹಾಕಿ ಫೀಡ್ ಪಂಪಿಗಿಂತ ಎತ್ತರಕ್ಕ ಕಟ್ರಿ. ಡೀಸೆಲ್ ಹೀರೋ ಪೈಪು, ಉಳದ ಡೀಸೆಲ್ ವಾಪಸ್ ಬರೋ ಪೈಪು ಎರಡೂ ಅದರಾಗ ಇಳಿಬಿಡ್ರಿ. ಫಿಲ್ಟರ್ ಮ್ಯಾಲಿನ ಏರ್ ಸ್ಕ್ರೂ ಸಡಲ ಮಾಡಿ, ಗುಳ್ಳಿ ನಿಂತು ಬರೀ ಡೀಸೆಲ್ ಬರೋತನಕಾ ಕೈಲೆ ಪಂಪ್ ಹೊಡದು ಬಿಗೀರಿ. ಆಮ್ಯಾಲ ವಾಯರ್ ಹಾಕಿ ಸೆಲ್ಫ್.

ಪ್ಲಾಟ್ 19: ಲಾರಿಯ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಮುಗಿದಾವು. ಅವು ಆಗೋತನಕಾ ಲಾರಿ ರಸ್ತೆಗೆ ಇಳಸಂಗಿಲ್ಲ. ಕೆಟ್ಟ ಡೀಸೆಲ್ಲು, ರಾಡಿ ಮಾಲಿನ್ಯ ಮಂಡಳಿ ಪರವಾನಗಿ ಇರೋ ಹಳೇ ಎಣ್ಣಿ ತಗೊಳ್ಳೋರಿಗೇ ಕೊಡಬೇಕು. ಅಲ್ಲೀತನಕಾ ಕ್ಯಾನ್ ಮ್ಯಾಲ ಹೆಸರು ಬರದು ಪಂಪ್ ಹೌಸಿನ್ಯಾಗ ಕೀಲಿ ಹಾಕಿ ಇಡ್ರಿ, ಗಾರ್ಡನ್ ಹುಡುಗರು ಆಡೋ ಜಾಗ.

ಪ್ಲಾಟ್ 31: ಹಂಗಾರ ಐತವಾರ ಮುಂಜಾನೆ 7ಕ್ಕ. ಕ್ಯಾನ್ ನಾನು, ಉಸುಕು ಪ್ಲಾಟ್ 8ರ ಕಾಕಾ, ಕೈಪಂಪು ಪ್ಲಾಟ್ 19ರ ಅಕ್ಕಾರು. ಪಾನಾ ಸೆಟ್, ವಾಷರ್ ಪ್ಲಾಟ್ 12. ಬೆಂಕಿ ಆರಿಸೋ ಸಿಲಿಂಡರ್ ಸಂಘದ ಆಫೀಸಿಂದ ತರ್ತೀನಿ. ಶನಿವಾರ ಸಂಜಿಯಿಂದ ಲಾರಿ ಬಾಜೂಕ ಯಾರೂ ಗಾಡಿ ಹಚ್ಚಬ್ಯಾಡ್ರಿ, ಬೀಡಿ ಸಿಗರೇಟ್ ಅಂತೂ ಗಾರ್ಡನ್ ಗೇಟಿನ ಹೊರಗ.