ಎಣ್ಣೆಗೆ ಅದ್ದಿದ ಮೇಲೂ ಅಲಗಿಗೆ ಅರ ಕಚ್ಚುತ್ತಿದೆ, ಏನು ತಪ್ಪಾಗಿದೆ?

ಹೊಸಕುಲುಮೆ:
ಎಲ್ಲರಿಗೂ ನಮಸ್ಕಾರ. ಇದು ನನ್ನ ಮೂರನೇ ಚಾಕು. ಉಕ್ಕು 1095 (ಇಂಗಾಲ ಜಾಸ್ತಿ ಇರೋ ಉಕ್ಕು), ಬೆನ್ನಿನ ದಪ್ಪ 4 ಮಿ.ಮೀ. ಸಣ್ಣ ಗ್ಯಾಸ್ ಕುಲುಮೆಯಲ್ಲಿ ಕಾಯಿಸಿ, ಮ್ಯಾಗ್ನೆಟ್ ಅಂಟೋದು ಬಿಟ್ಟ ತಕ್ಷಣ ಅಡುಗೆ ಎಣ್ಣೆಗೆ ಅದ್ದಿದೆ. ಅಲಗು ಗಟ್ಟಿಯಾಗಿದ್ದರೆ, ಆಮೇಲೆ ಅರ (ಫೈಲ್) ಹಾಕಿದಾಗ ಜಾರಬೇಕು ಅಲ್ವಾ? ಇಲ್ಲಿ ಪುಡಿ ಉದುರುತ್ತಿದೆ. ಇನ್ನೂ ಎರಡು ಸಲ ಕಾಯಿಸಿ ಅದ್ದಿದೆ, ಅದೇ ಕಥೆ. ಜೊತೆಗೆ ತುದಿ ಎಡಕ್ಕೆ ಸೊಟ್ಟಗಾಗಿದೆ. ಈ ಸಲ ನೀರಿಗೇ ಅದ್ದಿಬಿಡಲಾ?

ಕೆಂಡಗಣ್ಣು:
ನೀರು ಬೇಡ ಮಾರಾಯ್ರೇ. ನೀರಲ್ಲಿ ಗಟ್ಟಿಯಾಗುತ್ತೆ, ನಿಜ. ಆದರೆ ತೆಳ್ಳಗಿನ ಬಾಯಿ ‘ಟಿಣ್’ ಅಂತ ಸೀಳಿದರೆ ಅಲ್ಲಿಗೆ ಮುಗಿಯಿತು, ಅದಕ್ಕೆ ರಿಪೇರಿ ಇಲ್ಲ. ಎಣ್ಣೆ ಬಿಸಿ ಮಾಡಿದ್ದಿರಾ? ಉಕ್ಕು 1095 ಅನ್ನೋದು ಖಚಿತವಾ, ಇಲ್ಲಾ ಗುಜರಿ ತುಂಡಾ?

ಹೊಸಕುಲುಮೆ:
ಹೊಸ ಪಟ್ಟಿ ಸರ್, ಲೇಬಲ್ ಇತ್ತು. ಎಣ್ಣೆ ತಣ್ಣಗೇ ಇತ್ತು. ತಣ್ಣಗಿದ್ದಷ್ಟೂ ಬೇಗ ತಣಿಸುತ್ತೆ ಅಂದುಕೊಂಡಿದ್ದೆ.

ಅರಪ್ರೇಮಿ:
ತಡೀರಿ, ಮತ್ತೆ ಕಾಯಿಸಬೇಡಿ. ಅರ ಕಚ್ಚಿದ ಮಾತ್ರಕ್ಕೆ ಅಲಗು ಮೆತ್ತಗಿದೆ ಅಂತಲ್ಲ. ಕುಲುಮೆಯಲ್ಲಿ ಗಾಳಿ ಜಾಸ್ತಿಯಾದರೆ ಉಕ್ಕಿನ ಮೇಲ್ಮೈಯಲ್ಲಿರುವ ಇಂಗಾಲ ಸುಟ್ಟು ಹೋಗುತ್ತದೆ. ಉಳಿಯೋದು ಮೆತ್ತನೆ ಕಬ್ಬಿಣದ ಒಂದು ತೆಳು ಚರ್ಮ. ಒಳಗಿನ ಉಕ್ಕು ಎಷ್ಟೇ ಗಟ್ಟಿಯಾಗಿರಲಿ, ಅರ ಆ ಚರ್ಮವನ್ನು ಕೆರೆಯುತ್ತಲೇ ಇರುತ್ತದೆ. ಪ್ರತಿ ಸಲ ಕಾಯಿಸಿದಾಗಲೂ ಅದು ಇನ್ನಷ್ಟು ದಪ್ಪವಾಗುತ್ತದೆ. ನನ್ನ ಮೊದಲ ಅಲಗನ್ನು ಐದು ಸಲ ಕಾಯಿಸಿ ಹಾಳು ಮಾಡಿದೆ. ಆಮೇಲೆ ಗೊತ್ತಾಯಿತು, ಅದು ಮೊದಲನೇ ಸಲವೇ ಗಟ್ಟಿಯಾಗಿತ್ತು!

ಮೂರು ಕಡೆ ಸುಮಾರು 0.2 ಮಿ.ಮೀ. ಉಜ್ಜಿ ತೆಗೆಯಿರಿ: ಬಾಯಿಯ ತುದಿಯಲ್ಲಿ, ಬಾಯಿಯ ಹಿಡಿಕೆ ಕಡೆ, ಬೆನ್ನಿನ ಮೇಲೆ. ಬಿಸಿಯೇರದಂತೆ ಆಗಾಗ ನೀರಿಗೆ ಮುಳುಗಿಸಿ. ಆಮೇಲೆ ಅಲ್ಲಿ ಅರ ಹಾಕಿ ಹೇಳಿ.

ಹೊಸಕುಲುಮೆ:
ಅಬ್ಬಾ! ತುದಿಯಿಂದ ಅರ್ಧದವರೆಗೆ ಅರ ಗಾಜಿನ ಮೇಲೆ ಹೋದ ಹಾಗೆ ಜಾರಿತು. ಆದರೆ ಹಿಡಿಕೆ ಕಡೆ ಮತ್ತು ಬೆನ್ನಿನಲ್ಲಿ ಇನ್ನೂ ಕಚ್ಚುತ್ತಿದೆ.

ಅರಪ್ರೇಮಿ:
ಬೆನ್ನನ್ನು ಮರೆತುಬಿಡಿ. 1095ರಲ್ಲಿ ಮ್ಯಾಂಗನೀಸ್ ಕಡಿಮೆ, ದಪ್ಪ ಇದ್ದ ಕಡೆ ಎಣ್ಣೆಯಲ್ಲಿ ಪೂರ್ತಿ ಗಟ್ಟಿಯಾಗಲ್ಲ. ಬೆನ್ನು ಸ್ವಲ್ಪ ಮೆತ್ತಗಿದ್ದರೆ ಚಾಕುವಿಗೆ ಒಳ್ಳೆಯದೇ. ನಿಮ್ಮ ನಿಜವಾದ ತೊಂದರೆ ಹಿಡಿಕೆ ಕಡೆಯ ಬಾಯಿ. ಅಲ್ಲಿ ಬಿಸಿ ಸಾಕಾಗಿಲ್ಲ.

ಮ್ಯಾಗ್ನೆಟ್ ನಂಬಿ ಕೆಟ್ಟವರೇ ಜಾಸ್ತಿ. ಹೆಚ್ಚೆಂದರೆ 770 ಡಿಗ್ರಿಗೆಲ್ಲ ಅದು ಅಂಟೋದು ಬಿಡುತ್ತದೆ. 1095ಕ್ಕೆ ಸುಮಾರು 800 ಬೇಕು, ಆ ಬಿಸಿಯಲ್ಲಿ ಕೆಲವು ನಿಮಿಷ ನಿಲ್ಲಲೂ ಬೇಕು. ನಾನು ಅಡುಗೆ ಉಪ್ಪು ಬಳಸುತ್ತೇನೆ. ಉಪ್ಪು ಕರಗೋದು 801 ಡಿಗ್ರಿಯಲ್ಲಿ. ಒಂದು ಗುಜರಿ ತುಂಡಿನ ಮೇಲೆ ಚಿಟಿಕೆ ಉಪ್ಪಿಟ್ಟು ಅಲಗಿನ ಪಕ್ಕದಲ್ಲಿಡಿ. ಅಲಗಿನ ಮೇಲೇ ಹಾಕಬೇಡಿ, ತುಕ್ಕು ಹಿಡಿಸುತ್ತದೆ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡಿದರೆ ಇನ್ನೊಂದು ಗುರುತೂ ಸಿಗುತ್ತದೆ. ಕೆಂಪಾದ ಅಲಗಿನ ಮೇಲೆ ಕಪ್ಪು ನೆರಳುಗಳು ಹರಿದಾಡಿ ಮಾಯವಾಗುತ್ತವೆ. ಉಕ್ಕು ಒಳಗೆ ಬದಲಾಗುವಾಗ ಬಿಸಿ ಹೀರಿಕೊಳ್ಳುತ್ತದೆ, ಅದಕ್ಕೇ ಆ ನೆರಳು. ನೆರಳು ಎಲ್ಲ ಕಡೆಯಿಂದ ಹೋಗುವವರೆಗೆ ಅದ್ದಬೇಡಿ.

ಬಿಸಿ ಸಮನಾಗಲು ಕುಲುಮೆಯೊಳಗೆ ಒಂದು ತುದಿ ಮುಚ್ಚಿದ ಕಬ್ಬಿಣದ ಪೈಪ್ ಇಟ್ಟು, ಅಲಗನ್ನು ಅದರೊಳಗೆ ಕಾಯಿಸಿ. ಬೆಂಕಿ ನೇರವಾಗಿ ತಾಗಲ್ಲ, ಇಂಗಾಲವೂ ಅಷ್ಟಾಗಿ ಸುಡಲ್ಲ. ಸತು ಲೇಪದ ಪೈಪ್ ಮಾತ್ರ ಬೇಡವೇ ಬೇಡ, ಅದರ ಹೊಗೆ ವಿಷ.

ಕೆಂಡಗಣ್ಣು:
ಎಣ್ಣೆ ವಿಷಯ ನಾನು ಹೇಳುತ್ತೇನೆ. ತಣ್ಣನೆ ಎಣ್ಣೆ ಮಂದ, ಅಲಗಿನ ಸುತ್ತ ಸರಿಯಾಗಿ ಹರಿಯಲ್ಲ. 50–55 ಡಿಗ್ರಿಗೆ ಬಿಸಿ ಮಾಡಿದರೆ ಇನ್ನೂ ಬೇಗ ತಣಿಸುತ್ತದೆ. ಕೇಳೋಕೆ ತಲೆಕೆಳಗು ಅನ್ನಿಸುತ್ತೆ, ಆದರೆ ಹಾಗೇ. 1095 ಕೆಂಪಿನಿಂದ 540 ಡಿಗ್ರಿಗಿಂತ ಕೆಳಗಿಳಿಯಲು ಸಿಗೋದು ಒಂದು ಸೆಕೆಂಡೂ ಇಲ್ಲ. ಡಬ್ಬಿ ಕುಲುಮೆ ಪಕ್ಕದಲ್ಲೇ ಇರಲಿ. ಅದ್ದಿ ಮೇಲೆ ಕೆಳಗೆ ಆಡಿಸಿ. ಅಡ್ಡಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ, ನಿಮ್ಮದೂ ಹಾಗೇ ಆಗಿರಬಹುದು. ಡಬ್ಬಿ ಲೋಹದ್ದಾಗಿರಲಿ, ಮುಚ್ಚಳ ಕೈಗೆ ಸಿಗುವಂತಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ.

ಅದಕ್ಕೂ ಮೊದಲು ಅಲಗನ್ನು ಮೂರು ಸಲ ನಾರ್ಮಲೈಸ್ ಮಾಡಿ. 870, 815, 760, ಹೀಗೆ ಇಳಿಸುತ್ತಾ ಕಾಯಿಸಿ ಪ್ರತಿ ಸಲ ಗಾಳಿಯಲ್ಲೇ ಆರಲು ಬಿಡಿ. ಒಳಗಿನ ಸೆಳೆತ ಹೋಗುತ್ತದೆ, ಕಣಗಳು ಸಣ್ಣದಾಗುತ್ತವೆ.

ಹಳೆಕೈ:
ಮುಂದಿನ ಸಲ ಸುಮ್ನೆ 1084 ಉಕ್ಕು ತಗೊಳ್ಳಿ. ಮ್ಯಾಂಗನೀಸ್ ಜಾಸ್ತಿ, ಅಡುಗೆ ಎಣ್ಣೆಯಲ್ಲೇ ಗಟ್ಟಿಯಾಗುತ್ತೆ. ಕಲಿಯುವವರಿಗೆ 1095 ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಹೊಸಕುಲುಮೆ:
ನೀವು ಹೇಳಿದಂತೆ ಮಾಡಿದೆ: ಪೈಪ್, ಉಪ್ಪು, ಬಿಸಿ ಎಣ್ಣೆ. ಚರ್ಮ ತೆಗೆದು ನೋಡಿದರೆ ಬಾಯಿಯ ಉದ್ದಕ್ಕೂ ಅರ ಜಾರುತ್ತಿದೆ. ಜೊತೆಗೆ ಕಾಯಿಸಿದ ಚೂರನ್ನು ಮುರಿದೆ. ಒಳಗೆ ನುಣ್ಣಗೆ ಬೂದು ಬಣ್ಣ, ಸಕ್ಕರೆ ಹರಳಿನಂಥ ಹೊಳಪಿಲ್ಲ, ಅಂದರೆ ಕಣಗಳು ಸಣ್ಣಗಿವೆ. ಆದರೆ ತುದಿ ಈಗಲೂ ಒಂದು ಮಿ.ಮೀ. ಎಡಕ್ಕಿದೆ. ನಾಳೆ ಬೆಳಿಗ್ಗೆ ಟೆಂಪರ್ ಮಾಡಿ (ಪೆಡಸುತನ ಇಳಿಸಲು ಕಡಿಮೆ ಬಿಸಿಯಲ್ಲಿ ಕಾಯಿಸಿ), ಆಮೇಲೆ ಬಡಿದು ನೇರ ಮಾಡಲಾ?

ಅರಪ್ರೇಮಿ:
ನಾಳೆ ಅಲ್ಲ, ಈಗಲೇ! ಟೆಂಪರ್ ಆಗದ ಅಲಗು ಗಾಜಿದ್ದ ಹಾಗೆ, ಇಟ್ಟಲ್ಲೇ ಬಿರುಕು ಬಿಡಬಹುದು. ಬಡಿಯಲೂ ಬೇಡಿ. ಓವನ್ ಒಳಗೆ ಬೇರೆ ಥರ್ಮಾಮೀಟರ್ ಇಟ್ಟು 200 ಡಿಗ್ರಿಯಲ್ಲಿ ಎರಡು ಗಂಟೆ ಇಡಿ, ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ. ತಣಿದ ಮೇಲೆ ಅಲಗನ್ನು ದಪ್ಪ ಕಬ್ಬಿಣದ ಪಟ್ಟಿಗೆ ಕ್ಲಾಂಪ್ ಹಾಕಿ ಬಿಗಿಯಿರಿ. ಬಾಗಿದ ಕಡೆ ಒಂದು ಸಣ್ಣ ತಗಡು ಸಿಕ್ಕಿಸಿ, ತುದಿ ಸ್ವಲ್ಪ ಬಲಕ್ಕೇ ಹೋಗುವಂತೆ. ಹಾಗೇ ಇನ್ನೆರಡು ಗಂಟೆ ಓವನ್‌ನಲ್ಲಿಡಿ.

ಹೊಸಕುಲುಮೆ:
ಮೊದಲ ಸುತ್ತು ಮುಗಿಯಿತು, ಉಜ್ಜಿದ ಜಾಗಕ್ಕೆ ತಿಳಿ ಹುಲ್ಲಿನ ಬಣ್ಣ ಬಂದಿದೆ. ಕ್ಲಾಂಪ್ ಸಮೇತ ಈಗ ತಾನೇ ಒಳಗಿಟ್ಟೆ. ಕ್ಲಾಂಪ್‌ನ ಹಿಡಿಯ ಮೇಲೆ ಪ್ಲಾಸ್ಟಿಕ್ ಇತ್ತು, ಅದನ್ನು ಕಳಚೋದು ಕೊನೇ ಗಳಿಗೆಯಲ್ಲಿ ನೆನಪಾಯಿತು.