ಹಳೇ ಜೀಪಿನ ಹಿಂದೆ ‘ಟಕ್’ ಅಂತದೆ, ಮನೆಯಲ್ಲೇ ಸರಿ ಮಾಡಬಹುದಾ?

ಪ್ರಶ್ನೆ (ಶಿರಸಿ ಕಡೆಯಿಂದ): ನಮ್ಮದು 1993ರ ಮಹೀಂದ್ರಾ ಎಂಎಂ 540. ತೋಟಕ್ಕೆ ಗೊಬ್ಬರ, ದರಕು (ಒಣ ಎಲೆ) ಹೊರುವುದಕ್ಕೇ ಇಟ್ಟುಕೊಂಡಿದ್ದು. ಒಂದು ತಿಂಗಳಿಂದ ಕ್ಲಚ್ ಬಿಡುವಾಗ ಹಿಂದೆ ‘ಟಕ್’ ಅಂತದೆ. ರಿವರ್ಸ್ ಹಾಕಿದರೆ ಮತ್ತೊಂದು ‘ಟಕ್’. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದ ದಿನ ಸೀಟಿನ ಕೆಳಗೆಲ್ಲ ನಡುಕ. ಒಬ್ಬರು ಡಿಫ್ರೆನ್ಶಿಯಲ್ಲೇ (ಹಿಂದಿನ ಆಕ್ಸಲ್ ನಡುವಿನ ಗೇರಿನ ಗುಂಡು) ಬಿಚ್ಚಬೇಕು ಅಂದರು. ಹೌದಾ ಅಣ್ಣಾ?

ಉತ್ತರ (ಮೆಕ್ಯಾನಿಕ್, ಕಾರವಾರ): ಅಷ್ಟು ದೂರ ಈಗಲೇ ಹೋಗಬೇಡಿ. ಸಪಾಟು ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಗಾಲಿಗೆ ಅಡ್ಡ ಕೊಟ್ಟು, ನ್ಯೂಟ್ರಲ್ ಮಾಡಿ ಕೆಳಗೆ ಮಲಗಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು, ಅಂದರೆ ಎಂಜಿನ್ನಿನ ತಿರುಗಾಟವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಉದ್ದ ಕೊಳವೆಯನ್ನು, ಕೈಯಲ್ಲಿ ಹಿಡಿದು ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಅದರ ತುದಿಯ ಕೀಲಿನಲ್ಲಿ ಕೂಡಿಸುವ ಚಿಹ್ನೆಯಂಥ (+) ಕಬ್ಬಿಣದ ತುಂಡು ಇರುತ್ತದೆ, ಅದೇ ಕ್ರಾಸು. ಅದರ ಹತ್ತಿರ ಆಟ (ಸಡಿಲ) ಕಾಣುತ್ತದಾ? ಕ್ರಾಸಿನ ತೋಳುಗಳಿಗೆ ಹಾಕಿದ ಬಟ್ಟಲಿನ ಸುತ್ತ ಕುಂಕುಮದಂಥ ಪುಡಿ ಮೆತ್ತಿಕೊಂಡಿದ್ದರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿ ತುಕ್ಕು ಹಿಡಿದಿದೆ ಅಂತಲೇ ಲೆಕ್ಕ.

ಪ್ರಶ್ನೆ: ನೋಡಿದೆ. ಹಿಂದಿನ ತುದಿಯ ಕ್ರಾಸಿನಲ್ಲಿ ಕೆಂಪು ಪುಡಿ ಇದೆ, ಆಟವೂ ಇದೆ. ನಾನೇ ಬದಲಿಸಲಾ?

ಉತ್ತರ: ಬದಲಿಸಿ, ಅರ್ಧ ದಿನದ ಕೆಲಸ. ಆದರೆ ಒಂದು ಮಾತು. ಶಾಫ್ಟ್ ಕಳಚಿದ ಮೇಲೆ ಗೇರ್ ಹಾಕಿಟ್ಟರೂ ಹಿಂದಿನ ಗಾಲಿ ತಡೆಯುವುದಿಲ್ಲ. ಅನೇಕ ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಇರುವುದೇ ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಗಾಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದೆ. ಅಂಥದ್ದರಲ್ಲಿ ಶಾಫ್ಟ್ ತೆಗೆದರೆ ಹ್ಯಾಂಡ್‌ಬ್ರೇಕೂ ಹೋಯಿತು. ಗಾಡಿ ಉರುಳುವುದು ನೀವು ಅಡಿಯಲ್ಲಿ ಮಲಗಿದ್ದಾಗಲೇ! ಹಾಗಾಗಿ ಅಡ್ಡಗಟ್ಟೆ ಗಟ್ಟಿ ಇರಲಿ. ಗಾಲಿ ಎತ್ತುವುದಾದರೆ ಆಕ್ಸಲ್ ಕೆಳಗೆ ಸ್ಟ್ಯಾಂಡೇ ಬೇಕು, ಚಿರೆಕಲ್ಲು ಇಡಬೇಡಿ. ಅದು ಮನೆ ಕಟ್ಟಲಿಕ್ಕೆ ಸರಿ, ಭಾರ ಒಂದೇ ಕಡೆ ಬಿದ್ದರೆ ಸೀಳುತ್ತದೆ.

ಬಿಚ್ಚುವ ಮೊದಲು ಶಾಫ್ಟಿಗೂ ಅದು ಬೋಲ್ಟಾಗುವ ಫ್ಲ್ಯಾಂಜಿಗೂ ಬಿಳಿ ಪೇಂಟಿನ ಗೆರೆ ಎಳೆಯಿರಿ. ಶಾಫ್ಟ್ ಉದ್ದ ಗಿಡ್ಡ ಆಗಲು ಹಲ್ಲುಗಳ ಮೇಲೆ ಜಾರುವ ಸ್ಲಿಪ್ ಜಾಯಿಂಟಿಗೂ ಒಂದು ಗೆರೆ. ಬಟ್ಟಲು ಹೊರಬರದಂತೆ ಹಿಡಿಯುವ ಲಾಕ್ ತೆಗೆದು, ವೈಸಿನಲ್ಲಿ ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ಬಟ್ಟಲು ಒಳಗೆ ಹೋಗುವಷ್ಟು ದೊಡ್ಡ ಸಾಕೆಟ್ ಇಟ್ಟು ಒತ್ತಿ. ಹಳೇ ಕ್ರಾಸನ್ನು ಅಂಗಡಿಗೇ ಒಯ್ದು ಅಳತೆ ಸೇರಿಸಿ ತನ್ನಿ, ಬರೇ ಮಾಡೆಲ್ ಹೆಸರು ಹೇಳಿದರೆ ಸಾಲದು.

ಹೊಸದನ್ನು ಕೂರಿಸುವಾಗ ಅವಸರ ಬೇಡ. ಬಟ್ಟಲು ಲಾಕ್ ಕೂರುವ ತೋಡಿಗೆ ಎರಡು ಮೂರು ಮಿಲಿಮೀಟರ್ ಮುಂಚೆಯೇ ನಿಂತರೆ ಸುತ್ತಿಗೆ ಎತ್ತಬೇಡಿ. ಒಂದು ಸೂಜಿ ಅಡ್ಡ ಬಿದ್ದಿರುತ್ತದೆ. ತೆಗೆದು, ಗ್ರೀಸ್ ಮೆತ್ತಿ ಎಲ್ಲ ಸೂಜಿಗಳನ್ನೂ ಗೋಡೆಗೆ ಅಂಟಿಸಿ ಮತ್ತೆ ಹಾಕಿ. ಕೊನೆಗೆ ಕ್ರಾಸಿನ ಗ್ರೀಸ್ ತುಂಬುವ ನಿಪ್ಪಲ್ಲಿಗೆ ಗ್ರೀಸ್ ಹೊಡೆದಾಗ ನಾಲ್ಕೂ ಕಡೆ ಸ್ವಲ್ಪ ಹೊರಗೆ ಬರಬೇಕು.

ಇನ್ನೊಬ್ಬರು (ಅಂಕೋಲಾ): ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಹೋದ ವರ್ಷ ಹಾಕಿಸಿದೆ, ನಡುಕ ಮೊದಲಿಗಿಂತ ಜಾಸ್ತಿ ಆಯಿತು!

ಉತ್ತರ: ಸ್ಲಿಪ್ ಜಾಯಿಂಟ್ ಕಳಚಿ ಒಂದೆರಡು ಹಲ್ಲು ತಪ್ಪಿಸಿ ಸೇರಿಸಿರಬೇಕು. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಕಿವಿಗಳು ಒಂದೇ ಸಾಲಿನಲ್ಲಿ ಇರಬೇಕು. ಇಲ್ಲದಿದ್ದರೆ ಒಂದು ಕ್ರಾಸಿನಿಂದಾಗುವ ವೇಗದ ಏರಿಳಿತವನ್ನು ಇನ್ನೊಂದು ಕಳೆಯುವುದಿಲ್ಲ. ಪೇಂಟಿನ ಗೆರೆ ಎಳೆಯಿರಿ ಅಂದದ್ದು ಸುಮ್ನೆ ಅಲ್ಲ.

ಪ್ರಶ್ನೆ: ಶಾಫ್ಟ್ ಕಳಚಿದಾಗಲೇ ಡಿಫ್ರೆನ್ಶಿಯಲ್ಲೂ ನೋಡಿಬಿಡಲಾ?

ಉತ್ತರ: ನೋಡಿ, ಬಿಚ್ಚಬೇಡಿ. ಡಿಫ್ರೆನ್ಶಿಯಲ್ಲಿನ ಮುಂದೆ ಶಾಫ್ಟ್ ಕೂಡುವ ಪಿನಿಯನ್ ಫ್ಲ್ಯಾಂಜ್ ಹಿಡಿದು ಒಳಗೆ ಹೊರಗೆ ಎಳೆಯಿರಿ. ಅಲ್ಲಾಡಿದರೆ ಬೇರಿಂಗ್ ಸವೆದಿದೆ. ಅದು ಗ್ಯಾರೇಜಿನ ಕೆಲಸ, ಶಿಮ್ಮು (ತೆಳು ತಗಡಿನ ಬಿಲ್ಲೆ), ಬ್ಯಾಕ್‌ಲ್ಯಾಶು (ಗೇರ್ ಹಲ್ಲುಗಳ ನಡುವಿನ ಸಂದು) ಅಂತ ಅಳತೆ ನೋಡಿ ಕೂರಿಸಬೇಕು. ಎಣ್ಣೆ ಮಾತ್ರ ನೀವೇ ಬದಲಿಸಿ. ಹಳ್ಳ ದಾಟಿದ ಗಾಡಿಯಲ್ಲಿ ಅದು ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮೊದಲು ಎಣ್ಣೆ ಹಾಕುವ ಮೇಲಿನ ಪ್ಲಗ್ ತಿರುಗಿಸಿ ನೋಡಿ, ಅದು ಬಿಚ್ಚಿದ ಮೇಲೇ ಕೆಳಗಿನದು. ಇಲ್ಲವಾದರೆ ಹಳೇ ಎಣ್ಣೆ ನೆಲದ ಮೇಲೆ, ಹೊಸ ಎಣ್ಣೆ ಡಬ್ಬಿಯಲ್ಲಿ!

ಪ್ರಶ್ನೆ: ಕ್ರಾಸ್ ಬರುವವರೆಗೆ ಗಾಡಿ ಹೊರಡಿಸಬಹುದಾ? ಗೊಬ್ಬರ ರಸ್ತೆಯಲ್ಲೇ ಬಿದ್ದಿದೆ.

ಉತ್ತರ: ಆಟ ಇರುವ ಕ್ರಾಸ್ ಇಟ್ಟುಕೊಂಡು ಭಾರ ಹೊರಬೇಡಿ. ಮುರಿದರೆ ಶಾಫ್ಟ್ ನೆಲಕ್ಕೆ ಬಡಿಯುತ್ತದೆ. ತೀರಾ ಅಗತ್ಯ ಬಿದ್ದರೆ ಹಿಂದಿನ ಶಾಫ್ಟನ್ನು ಪೂರ್ತಿ ತೆಗೆದು, ಮುಂದಿನ ಗಾಲಿಯ ಹಬ್ ಲಾಕ್ ಮಾಡಿ, ಫೋರ್ ವ್ಹೀಲ್ ಹಾಕಿದರೆ ಮುಂದಿನ ಗಾಲಿಯಲ್ಲೇ ನಿಧಾನಕ್ಕೆ ಮನೆ ಮುಟ್ಟುತ್ತದೆ. ಖಾಲಿ ಗಾಡಿ, ಮಣ್ಣಿನ ದಾರಿ, ಅಷ್ಟೇ. ಗೊಬ್ಬರಕ್ಕೆ ಪಕ್ಕದ ಮನೆಯವರ ಪಿಕಪ್ ಕೇಳಿ.