ತಾತನ ಉಳಿಗೆ ಹೊಸ ಹಿಡಿ: ಮನೆ ಗುಂಪಿನಲ್ಲಿ ನಡೆದ ಜಗಳ

ಅಣ್ಣ: ಈಗ ಕಳಿಸಿದ ವಿಡಿಯೋ ನೋಡಿ. ಉಳಿಯ ಬಾಲವನ್ನು, ಅಂದರೆ ಹಿಡಿಯೊಳಗೆ ಕೂರುವ ತುದಿಯನ್ನು, ಕೆಂಪಗೆ ಕಾಯಿಸಿ ಮರಕ್ಕೆ ಒತ್ತಿದರೆ ಸುಟ್ಟುಕೊಂಡು ತಾನೇ ಒಳಗೆ ಹೋಗುತ್ತದೆ. ಐದು ನಿಮಿಷದ ಕೆಲಸ. ತಾತನ ಅರ್ಧ ಇಂಚಿನ ಉಳಿಗೆ ಭಾನುವಾರ ಹೀಗೇ ಹಿಡಿ ಹಾಕುತ್ತೇನೆ.

ನಾನು: ಅಣ್ಣಾ, ದಯವಿಟ್ಟು ಬೇಡ. ಉಕ್ಕಿನ ಹದ ಕೆಡುತ್ತದೆ.

ದೊಡ್ಡಪ್ಪ: ಯಾಕೋ ಹೆದರುತ್ತೀಯ? ನಮ್ಮೂರ ಕಮ್ಮಾರರು ಕುಡುಗೋಲು, ಮಚ್ಚಿಗೆಲ್ಲ ಹೀಗೇ ಹಿಡಿ ಹಾಕುತ್ತಿದ್ದರು. ಕುಲುಮೆ ಮುಂದೆ ನಿಂತು ನೋಡಿದ್ದೇನೆ.

ನಾನು: ನಿಜ ದೊಡ್ಡಪ್ಪ. ಆದರೆ ಹದ ಹೋದರೆ ಕಮ್ಮಾರರು ಮತ್ತೆ ಕಾಯಿಸಿ, ನೀರಿಗೆ ಅದ್ದಿ ಸರಿ ಮಾಡುತ್ತಿದ್ದರು. ಅಣ್ಣನ ಹತ್ತಿರ ಇರುವುದು ಗ್ಯಾಸ್ ಒಲೆ. ಉಳಿಯ ಉಕ್ಕು 200 ಡಿಗ್ರಿ ದಾಟಿದರೆ ಮೆತ್ತಗಾಗುತ್ತಾ ಹೋಗುತ್ತದೆ. ಹೊಳಪಿರುವ ಜಾಗದಲ್ಲಿ ಮೊದಲು ತಿಳಿ ಹಳದಿ ಬಣ್ಣ ಬರುತ್ತದೆ, ಆಮೇಲೆ ಕಂದು, 300ರ ಹತ್ತಿರ ನೀಲಿ. ಬಾಯಿ ನೀಲಿಗೆ ತಿರುಗಿತು ಅಂದರೆ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲುವುದಿಲ್ಲ. ತಾತ ಸಾಣೆ ಹಿಡಿದೂ ಹಿಡಿದೂ ಆ ಉಳಿ ಗಿಡ್ಡ ಆಗಿದೆ. ಬಾಲಕ್ಕೂ ಬಾಯಿಗೂ ನಾಲ್ಕು ಬೆರಳಿನ ಅಂತರವೂ ಇಲ್ಲ. ಬಿಸಿ ಅಲ್ಲಿಯವರೆಗೂ ಬಂದೇ ಬರುತ್ತದೆ.

ಅಣ್ಣ: ಬಾಯಿಗೆ ಒದ್ದೆ ಬಟ್ಟೆ ಸುತ್ತಿದರೆ?

ನಾನು: ಬಟ್ಟೆ ಒದ್ದೆ ಇರುವಷ್ಟು ಹೊತ್ತು ಸರಿ. ತೂತಿನ ಗತಿ? ಜಾಸ್ತಿ ಸುಟ್ಟರೆ ಒಳಗೆಲ್ಲ ಇದ್ದಿಲು. ಕೊಡತಿ ಏಟು ಬಿದ್ದ ಹಾಗೆ ಅದು ಪುಡಿಯಾಗಿ ಹಿಡಿ ಅಲ್ಲಾಡುತ್ತದೆ. ಡ್ರಿಲ್ ತಗೊಂಡು ಬಾ. ಬಾಲ ತುದಿಗೆ ಸಣ್ಣ, ಬುಡಕ್ಕೆ ದಪ್ಪ. ಅದಕ್ಕೆ ಮೊದಲು ಸಣ್ಣ ಬಿಟ್‌ನಲ್ಲಿ ಆಳಕ್ಕೆ ಕೊರೆದು, ಮೇಲಿನ ಭಾಗವನ್ನು ಮಾತ್ರ ದಪ್ಪ ಬಿಟ್‌ನಲ್ಲಿ ಅಗಲ ಮಾಡಬೇಕು.

ಅತ್ತಿಗೆ: ಇಷ್ಟೆಲ್ಲ ಕಷ್ಟ ಯಾಕೆ? ಹೊಸ ಉಳಿಯೇ ತರಬಹುದಲ್ವಾ?

ದೊಡ್ಡಪ್ಪ: ಉಳಿ ಸಿಗುತ್ತದಮ್ಮ. ನೀವು ದಿನಾ ದಾಟುವ ಬಾಗಿಲಿನ ಚೌಕಟ್ಟಿಗೆ ಅಪ್ಪ ಕೂಡು ಕೊರೆದದ್ದು ಆ ಉಳಿಯಲ್ಲಿ. ಅದು ಕೆಲಸ ಮಾಡುತ್ತಲೇ ಇರಬೇಕು.

ಅತ್ತೆ: ಮರ ಯಾವುದು ಹಾಕುತ್ತೀರಿ? ಹಿತ್ತಲ ಸೀಬೆ ಕೊಂಬೆ ಮೊನ್ನೆ ತಾನೇ ಕಡಿಸಿದೆವು.

ನಾನು: ಸೀಬೆ ಗಟ್ಟಿ ಮರವೇ ಅತ್ತೆ, ಆದರೆ ಇನ್ನೂ ಹಸಿ. ಒಣಗಿದಾಗ ಕುಗ್ಗಿ ಸೀಳುತ್ತದೆ. ನೆರಳಲ್ಲಿ ಇಟ್ಟಿರಿ, ಮುಂದೆ ಬೇರೆ ಉಳಿಗೆ ಆಗುತ್ತದೆ.

ಚಿಕ್ಕಪ್ಪ: ಅಟ್ಟದ ಮೇಲೆ ಬೀಟೆ ಮಂಚದ ಕಾಲು ಸುಮ್ನೆ ಬಿದ್ದಿದೆ. ಅದನ್ನೇ ಹಾಕಿ. ನೋಡಲೂ ಚೆಂದ.

ದೊಡ್ಡಪ್ಪ: ಬೀಟೆಯ ಮಂಚ ಕೊಯ್ಯುವುದು ಬೇಡ ಕಣೋ. ಕೊಟ್ಟಿಗೆಯಲ್ಲಿ ಮುರಿದ ಗಾಡಿ ಚಕ್ರ ಇದೆ. ಅದರ ಅರಗಳು ಜಾಲಿ ಮರದವು. ಕಲ್ಲು ದಾರಿಯಲ್ಲಿ ಏಟು ತಿಂದೇ ಬಾಳಿದ ಮರ, ಒಣಗಿ ಎಷ್ಟೋ ವರ್ಷ ಆಯಿತು.

ಚಿಕ್ಕಪ್ಪ: ಮಂಚದ ಕಾಲು ಇರುವುದು ಒಂದೇ. ಅದನ್ನು ಯಾರಿಗೆ ಉಳಿಸುತ್ತೀಯ ಅಣ್ಣಾ?

ನಾನು: ಚಿಕ್ಕಪ್ಪ, ಈ ಕೆಲಸಕ್ಕೆ ಜಾಲಿಯೇ ಸರಿ. ದೊಡ್ಡಪ್ಪ, ಎಳೆ ಉದ್ದಕ್ಕೆ ನೇರವಾಗಿ ಓಡಿರುವ ಅರ ಆರಿಸಿ. ಎಳೆ ಓರೆಯಿದ್ದರೆ ಏಟಿಗೆ ಸೀಳು ಬಿಡುತ್ತದೆ. ಹಳೆ ಹಿಡಿಯ ಹಿತ್ತಾಳೆ ಬಳೆಯನ್ನು ಯಾರೂ ಎಸೆಯಬೇಡಿ. ಬಾಲ ಇಳಿಯುವಾಗ ಬೆಣೆಯ ಹಾಗೆ ಮರವನ್ನು ಬಿರಿಸುತ್ತದೆ. ಅದನ್ನು ತಡೆಯುವುದು ಆ ಬಳೆಯೇ. ಮೊದಲು ಬಳೆ ಬಿಗಿ ಮಾಡಿ, ಆಮೇಲೆ ಬಾಲ ಇಳಿಸಬೇಕು.

ಅಣ್ಣ: ಉಳಿಯ ಬಾಯಿ ನೆಲಕ್ಕೆ ಊರಿ ಹೊಡೆದರೆ ಮೊಂಡಾಗುವುದಿಲ್ವಾ?

ನಾನು: ಊರಲೇಬಾರದು. ಹಿಡಿಯನ್ನು ಎಡಗೈಯಲ್ಲಿ ಹಿಡಿದುಕೋ, ಉಳಿ ಕೆಳಗೆ ಗಾಳಿಯಲ್ಲಿ ನೇತಾಡಲಿ. ಹಿಡಿಯ ಮೇಲಿನ ತುದಿಗೆ ಕೊಡತಿಯಲ್ಲಿ ಹೊಡಿ. ಹಿಡಿ ಕೆಳಗೆ ಜಿಗಿಯುತ್ತದೆ, ಉಳಿ ತನ್ನ ಭಾರಕ್ಕೇ ಹಿಂದೆ ಉಳಿಯುತ್ತದೆ. ಏಟಿಗೊಂದಿಷ್ಟು ಬಾಲ ಒಳಗೆ ಸೇರುತ್ತದೆ. ಕೆಳಗೆ ಕಾಲು ಇಡಬೇಡ.

ಅಣ್ಣ: ಸರಿ, ಡ್ರಿಲ್ ತರುತ್ತೇನೆ. ತೂತು ಸಡಿಲವಾದರೆ ಮಾತ್ರ ಅಂಟು ಹಾಕುತ್ತೇನೆ, ಆಗ ತಕರಾರು ಮಾಡಬಾರದು.

ನಾನು: ತೂತು ಬಾಲಕ್ಕಿಂತ ಕೂದಲೆಳೆಯಷ್ಟು ಸಣ್ಣದಿರಲಿ, ಅಂಟು ಬೇಕಾಗುವುದಿಲ್ಲ. ಹಿಡಿ ಮತ್ತೆ ಹೋದರೆ ಬಿಚ್ಚಲೂ ಆಗಬೇಕಲ್ಲ. ಮೊದಲು ಬೇರೆ ತುಂಡಿನಲ್ಲಿ ಕೊರೆದು ನೋಡು.

ದೊಡ್ಡಪ್ಪ: ಬೆಳಿಗ್ಗೆಯೇ ಬನ್ನಿ. ಚಕ್ರ ಬಿಚ್ಚಿಟ್ಟಿರುತ್ತೇನೆ.